ಮೀನಿನ ತೊಟ್ಟಿಗೆ ಗಟ್ಟಿ ಸ್ಟ್ಯಾಂಡ್ ಯಾವುದು?



ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಓಡಾಡುವುದನ್ನು ನೋಡಲು ಎಲ್ಲರಿಗೂ ಇಷ್ಟ. ಆದರೆ ತೊಟ್ಟಿಯ ಕೆಳಗೆ ಏನಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಚಳ್ಳಕೆರೆಯಲ್ಲಿರುವ ನಮ್ಮ ಮಾಮ ನಾಲ್ಕು ಅಡಿ ಉದ್ದದ ತೊಟ್ಟಿ ತರಬೇಕು ಅಂತಿದ್ದಾರೆ. "ಹಳೇ ಟಿ.ವಿ. ಟೇಬಲ್ ಐತಲ್ಲ, ಅದರ ಮೇಲೆ ಇಟ್ರಾಯ್ತು" ಅಂದರು. ಅವರ ಮನೆಯಲ್ಲಿ ಮೂರು ವರ್ಷದ ಮಗು ಇದೆ. ಏನು ಕಂಡರೂ ಹಿಡಿದು ಹತ್ತುತ್ತದೆ. ಅದಕ್ಕೇ ನಾನು ಲೆಕ್ಕ ಹಾಕಿ ನೋಡಿದೆ. ಆ ಲೆಕ್ಕವನ್ನು ನಿಮಗೂ ತಿಳಿಸುತ್ತೇನೆ.

ನೀರಿನ ತೂಕ ಎಷ್ಟು?

ತೊಟ್ಟಿಯ ಉದ್ದ 4 ಅಡಿ, ಅಗಲ ಒಂದೂವರೆ ಅಡಿ, ಎತ್ತರ ಒಂದೂವರೆ ಅಡಿ. ಗುಣಿಸಿದರೆ 9 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್ ನೀರು ಹಿಡಿಯುತ್ತದೆ. ಅಂದರೆ ತುಂಬಾ ತುಂಬಿದರೆ ಸುಮಾರು 255 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಹಾಗಾಗಿ ನೀರೇ 255 ಕಿಲೋ! 15 ಲೀಟರಿನ ಕೊಡದಲ್ಲಿ ಅಳೆದರೆ 17 ಕೊಡ. ದಪ್ಪ ಗಾಜು ಸುಮಾರು 50 ಕಿಲೋ, ಮರಳು ಕಲ್ಲು 35 ಕಿಲೋ ಅಂತ ಇಟ್ಟುಕೊಳ್ಳಿ. ಒಟ್ಟು 340 ಕಿಲೋ. ಸುಮಾರು ಏಳು ಮೂಟೆ ಸಿಮೆಂಟಿನಷ್ಟು.

ನಾಲ್ಕು ಕಾಲಿಗೆ ಹಂಚಿದರೆ ಒಂದೊಂದು ಕಾಲಿಗೆ 85 ಕಿಲೋ. ಒಂದೊಂದು ಕಾಲಿನ ಮೇಲೂ ಒಬ್ಬೊಬ್ಬ ದಪ್ಪ ಮನುಷ್ಯ ಹಗಲು ರಾತ್ರಿ ಇಳಿಯದೆ ನಿಂತ ಹಾಗೆ. ಟಿ.ವಿ. ಟೇಬಲ್ಲಿಗೆ ಇದನ್ನು ಹೊರುವ ಶಕ್ತಿ ಎಲ್ಲಿದೆ? ಈ ಲೆಕ್ಕ ತೋರಿಸಿದ ಮೇಲೆ ಮಾಮ ಟೇಬಲ್ಲಿನ ಮಾತು ಬಿಟ್ಟು, "ಹಂಗಾದ್ರೆ ಎಂಥದು ಮಾಡಿಸಬೇಕು ಹೇಳು" ಅಂದರು.

ಸ್ಟ್ಯಾಂಡ್ ನೋಡುವಾಗ ಗಮನಿಸಬೇಕಾದದ್ದು

1) ಭಾರ ನೇರವಾಗಿ ಕಾಲಿಗೆ ಇಳಿಯಬೇಕು. ಮೇಲಿನ ಚೌಕಟ್ಟು ಕಾಲಿನ ತಲೆಯ ಮೇಲೆಯೇ ಕೂತಿರಬೇಕು. ಕಾಲಿನ ಪಕ್ಕಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದರೆ ಅಷ್ಟೂ ಭಾರ ಮೊಳೆಯ ಮೇಲೆ ಬೀಳುತ್ತದೆ. ಕಬ್ಬಿಣದ ಆಂಗಲ್ ವೆಲ್ಡಿಂಗ್ ಮಾಡಿಸಿ, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿಸುವುದು ಒಳ್ಳೆಯದು. ಮರದ ಪುಡಿ ಒತ್ತಿ ಮಾಡಿದ ಹಲಗೆ ಬೇಡ. ನೀರು ತಾಗಿದರೆ ಅದು ಉಬ್ಬಿ ಉದುರುತ್ತದೆ.

2) ಅಲುಗಾಡಬಾರದು. ನಾಲ್ಕು ಜೋಳದ ದಂಟು ತಗೊಂಡು ಮೂಲೆಗೆ ಜಾಲಿ ಮುಳ್ಳು ಚುಚ್ಚಿ ಚೌಕ ಮಾಡಿ. ಒಂದು ಮೂಲೆ ತಳ್ಳಿದರೆ ಚೌಕ ವಾಲುತ್ತದೆ. ಈಗ ಮೂಲೆಯಿಂದ ಮೂಲೆಗೆ ಇನ್ನೊಂದು ದಂಟು ಓರೆಯಾಗಿ ಚುಚ್ಚಿ. ಇನ್ನು ತಳ್ಳಿದರೂ ವಾಲುವುದಿಲ್ಲ. ಏಕೆಂದರೆ ಚೌಕ ಈಗ ಎರಡು ತ್ರಿಕೋನ ಆಯಿತು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಗುಂಡಿ ಮಗ್ಗದ ಕಂಬಗಳನ್ನು ನೆಲದಲ್ಲೇ ಹೂಳಿರುತ್ತಾರೆ. ಅದಕ್ಕೇ ದಿನವಿಡೀ ಬಡಿದರೂ ಅಲುಗುವುದಿಲ್ಲ. ನಮ್ಮ ಸ್ಟ್ಯಾಂಡನ್ನು ಹೂಳಲು ಆಗುವುದಿಲ್ಲವಲ್ಲ, ಹಾಗಾಗಿ ಹಿಂದೆ ಮತ್ತು ಎರಡು ಪಕ್ಕದಲ್ಲಿ ಓರೆ ಪಟ್ಟಿ ಬೇಕೇ ಬೇಕು. ಗೋಡೆಗೂ ಕ್ಲಾಂಪ್ ಹಾಕಿಸಿದರೆ ಮಕ್ಕಳು ಹಿಡಿದು ಎಳೆದರೂ ಮುಂದಕ್ಕೆ ಬೀಳುವುದಿಲ್ಲ. ಎತ್ತರ ಕಡಿಮೆ ಇದ್ದಷ್ಟೂ ಕ್ಷೇಮ.

3) ಮೇಲ್ಭಾಗ ಸಮವಾಗಿರಬೇಕು. ಗಾಜು ಬಗ್ಗುವುದಿಲ್ಲ, ಸೀಳುತ್ತದೆ. ಅಡಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ಅಪಾಯ. ಗಾರೆ ಕೆಲಸದವರ ಹತ್ತಿರ ಇರುವ ರಸಮಟ್ಟ ಇಟ್ಟು ನೋಡಿ. ಚೌಕಟ್ಟಿಲ್ಲದ ಗಾಜಿನ ತೊಟ್ಟಿಯಾದರೆ ಅಡಿಗೆ ಅರ್ಧ ಅಂಗುಲದ ಥರ್ಮಾಕೋಲ್ ಹಾಳೆ ಹಾಕಬೇಕು. ಸಣ್ಣ ಉಬ್ಬುತಗ್ಗು ಅದರಲ್ಲಿ ಅಡಗುತ್ತದೆ. ತೊಟ್ಟಿಯ ಅಂಚು ಸ್ಟ್ಯಾಂಡಿನಿಂದ ಹೊರಗೆ ಚಾಚಬಾರದು.

4) ನೆಲವೂ ಗಟ್ಟಿ ಇರಬೇಕು. ಕೆಳಗಿನ ಮನೆಯ ನೆಲವೇ ಒಳ್ಳೆಯದು. ಮಣ್ಣಿನ ನೆಲವಾದರೆ ಕಾಲು ಕುಸಿಯದಂತೆ ಕೆಳಗೆ ಅಗಲವಾದ ಕಲ್ಲು ಕೊಡಿ.

ಕಲ್ಲಿನ ಕಟ್ಟೆ ಆಗುತ್ತದಾ?

ಚೆನ್ನಾಗಿ ಆಗುತ್ತದೆ. ಕಲ್ಲಿಗೆ ನಮ್ಮ ಕಡೆ ಏನು ಬರ? ಸೈಜುಗಲ್ಲಿನ ಮೂರು ಗಿಡ್ಡ ಗೋಡೆ ಕಟ್ಟಿ ಮೇಲೆ ಕಡಪ ಕಲ್ಲು ಹಾಸಬಹುದು. ಎರಡೇ ಗೋಡೆ ಸಾಲದು. ಕಲ್ಲಿಗೆ ತಲೆಯ ಮೇಲೆ ಹೊರುವ ಶಕ್ತಿ ಜಾಸ್ತಿ, ಬಾಗುವ ಶಕ್ತಿ ಕಡಿಮೆ. ನಡುವೆ ಆಸರೆ ಇಲ್ಲದಿದ್ದರೆ ಚಪ್ಪಡಿ ಮಧ್ಯಕ್ಕೆ ಮುರಿಯಬಹುದು.

ಪರೀಕ್ಷೆ ಮಾಡಿ ನೋಡಿ

ತೊಟ್ಟಿ ಇಡುವ ಮೊದಲು ಸ್ಟ್ಯಾಂಡಿನ ಮೇಲೆ 50 ಕಿಲೋದ ಏಳು ಮೂಟೆ ಹೇರಿ ಒಂದು ದಿನ ಬಿಡಿ. ಬಾಗಿದೆಯಾ, ಕಿರ್ ಅನ್ನುತ್ತದಾ ನೋಡಿ. ಆಮೇಲೆ ತೊಟ್ಟಿ ಇಟ್ಟು ಅರ್ಧ ನೀರು ಹಾಕಿ. ನೀರಿನ ಮಟ್ಟ ಎಲ್ಲಾ ಮೂಲೆಯಲ್ಲೂ ಒಂದೇ ಇರಬೇಕು. ಒಂದು ಕಡೆ ಇಳಿದಿದ್ದರೆ ನೀರು ತೆಗೆದು ಸರಿ ಮಾಡಿ. ತುಂಬಿದ ತೊಟ್ಟಿಯನ್ನು ಎತ್ತಬೇಡಿ. ಮೋಟಾರಿನ ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗಬೇಕು. ಆಗ ವೈರಿನ ಮೇಲೆ ಜಾರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

2022ರ ಡಿಸೆಂಬರ್ 16ರಂದು ಜರ್ಮನಿಯ ಬರ್ಲಿನ್ ನಗರದ ಹೋಟೆಲೊಂದರಲ್ಲಿದ್ದ ದೊಡ್ಡ ಅಕ್ವೇರಿಯಂ ಒಡೆಯಿತು. ಅದರಲ್ಲಿ ಸುಮಾರು 10 ಲಕ್ಷ ಲೀಟರ್ ನೀರು ಇತ್ತು. ಹೆಚ್ಚಿನ ಮೀನುಗಳು ಸತ್ತವು, ಇಬ್ಬರಿಗೆ ಗಾಯವಾಯಿತು. ಬೆಳಗಿನ ಜಾವ ಜನ ಇಲ್ಲದ್ದರಿಂದ ದೊಡ್ಡ ಅನಾಹುತ ತಪ್ಪಿತು. ಅದು ಸ್ಟ್ಯಾಂಡಿನ ಕತೆ ಅಲ್ಲ. ಆದರೆ ಸುಮ್ಮನೆ ನಿಂತಂತೆ ಕಾಣುವ ನೀರಿಗೆ ಎಷ್ಟು ಬಲ ಇದೆ ಅಂತ ಅದರಿಂದ ತಿಳಿಯುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಬರದ ಸೀಮೆ. ಇಲ್ಲಿ 17 ಕೊಡ ನೀರು ನೆಲದ ಪಾಲಾದರೆ ಹೊಟ್ಟೆ ಉರಿಯುತ್ತದೆ. ಮೀನಿನ ಜೀವ, ಮಗುವಿನ ಕೈಕಾಲು ಅದಕ್ಕಿಂತ ದೊಡ್ಡವು. ಆದ್ದರಿಂದ ಮೊದಲು ತೂಕದ ಲೆಕ್ಕ, ಆಮೇಲೆ ಸ್ಟ್ಯಾಂಡು, ಕೊನೆಗೆ ಮೀನು. ಮನೆಯಲ್ಲಿ ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಇದ್ದರೆ ಅದರ ಲೆಕ್ಕವನ್ನೂ ಹೀಗೇ ಹಾಕಿ ನೋಡಿರಿ ಎಂದು ಹೇಳಿ ನನ್ನ ಲೇಖನ ಮುಗಿಸುತ್ತೇನೆ.

— 7ನೇ ತರಗತಿ ವಿದ್ಯಾರ್ಥಿ