ಗಾಳಿಪಟದೂರಿನಲ್ಲಿ ಗಾಳಿ ಅಳೆಯುವ ಮಾತು

ಉತ್ತರಾಯಣದ ದಿನ ಸೂರತ್‌ನ ಕತಾರ್‌ಗಾಮ್‌ನಲ್ಲಿ ಗಾಳಿಪಟ ಹಾರಿಸಲು ಊರಿಗೆ ಊರೇ ತಾರಸಿ ಏರಿರುತ್ತದೆ. ನೆಂಟರ ಮನೆಯ ತಾರಸಿಯಲ್ಲಿ ನಿಂತಿದ್ದೆ. ಒಗೆದು ಹಾಕಿದ ಬಟ್ಟೆಯೂ ಅಲುಗುತ್ತಿರಲಿಲ್ಲ. ಪಕ್ಕದ ತಾರಸಿಯ ಅಜ್ಜ ಮಾತ್ರ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು, ಪಟದ ಕಡೆ ನೋಡದೆಯೇ, ‘ಮೇಲೆ ಗಾಳಿ ತಿರುಗಿತು, ಢೀಲ್ ಕೊಡು, ದಾರ ಸಡಿಲ ಬಿಡು’ ಎಂದು ದಾರದ ಉರುಳೆ ಫಿರಕಿಯನ್ನು ಹಿಡಿದ ಮೊಮ್ಮಗನಿಗೆ ಹೇಳುತ್ತಿದ್ದರು. ತಾರಸಿಯ ಗಾಳಿಯೇ ಬೇರೆ, ನೂರು ಅಡಿ ಮೇಲಿನದೇ ಬೇರೆ!

ಡ್ರೋನಿಗೆ ಪುಟ್ಟ ಸಂವೇದಕ ಕಟ್ಟಿ ಹಾರಿಸುವವರು ಹುಡುಕುವುದೂ ಮೇಲಿನ ಈ ಗಾಳಿಯನ್ನೇ. ಅದನ್ನು ಅರಿಯುವ ಯತ್ನ ಹೊಸದಲ್ಲ. 1749ರಲ್ಲಿ ಗ್ಲಾಸ್ಗೊದ ಅಲೆಕ್ಸಾಂಡರ್ ವಿಲ್ಸನ್ ಗಾಳಿಪಟಗಳಿಗೆ ಥರ್ಮಾಮೀಟರ್ ಕಟ್ಟಿ ಏರಿಸಿದ್ದರು. ಆಮೇಲೆ ಉಪಕರಣ ಹೊತ್ತ ಹವಾಮಾನ ಬಲೂನು ಬಂತು. ಅದು ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. ನೆಲಕ್ಕೆ ಹತ್ತಿರದ ಮೊದಲ 120 ಮೀಟರನ್ನು ಅರ್ಧ ನಿಮಿಷದೊಳಗೆ ದಾಟಿಬಿಡುತ್ತದೆ. ಡ್ರೋನಾದರೆ ಅಲ್ಲೇ ನಿಂತು ಅಳೆಯಬಲ್ಲದು.

ಸಂವೇದಕದ ಕೆಲಸ ನನಗೆ ಬಲು ಇಷ್ಟ. 10 ಸೆಂ.ಮೀ. ಅಂತರದಲ್ಲಿ ಮೊಳೆಯಂಥ ಎರಡು ಪುಟ್ಟ ತುದಿಗಳು ಒಂದಕ್ಕೊಂದು ಶ್ರವಣಾತೀತ ಸದ್ದು ಕಳಿಸಿಕೊಳ್ಳುತ್ತವೆ ಎನ್ನಿ. ಗಾಳಿಯಿಲ್ಲದಾಗ ಸದ್ದು ತಲುಪಲು ಸುಮಾರು 294 ಮೈಕ್ರೋಸೆಕೆಂಡ್ ಬೇಕು. ಸೆಕೆಂಡಿಗೆ 5 ಮೀಟರ್ ಗಾಳಿ ಜೊತೆಗೂಡಿದರೆ 290 ಸಾಕು. ಆ ನಾಲ್ಕು ಮೈಕ್ರೋಸೆಕೆಂಡಿನಲ್ಲಿದೆ ಗಾಳಿಯ ಲೆಕ್ಕವೆಲ್ಲ! ಇಂಥ ಉಪಕರಣ ಈಗ 50 ಗ್ರಾಂ ತೂಕಕ್ಕೆ ಇಳಿದಿದೆ. ಆದರೆ ಡ್ರೋನಿನ ರೆಕ್ಕೆಗಳೇ ಗಾಳಿ ಎಬ್ಬಿಸುತ್ತವಲ್ಲ? ಅದಕ್ಕಾಗಿ ಸಂವೇದಕವನ್ನು ಕೋಲಿನ ತುದಿಗೆ ಸಿಕ್ಕಿಸಿ ರೆಕ್ಕೆಗಳಿಗಿಂತ ಸಾಕಷ್ಟು ಮೇಲಿಡುತ್ತಾರೆ. ಕೋಲು ಉದ್ದವಾದಷ್ಟೂ ಡ್ರೋನ್ ಹೆಚ್ಚು ತೂಗಾಡುತ್ತದೆ. ಆ ತೂಗಾಟವನ್ನೂ ಲೆಕ್ಕದಿಂದ ಕಳೆಯಬೇಕು.

ನನ್ನ ಒಲವು ಇನ್ನೊಂದು ದಾರಿಯ ಕಡೆಗೆ. ನಿಂತಲ್ಲೇ ನಿಲ್ಲಬೇಕಾದ ಡ್ರೋನ್ ಗಾಳಿಗೆ ಎದುರಾಗಿ ವಾಲಲೇಬೇಕು. ಎಷ್ಟು, ಯಾವ ಕಡೆ ವಾಲಿತು ಎಂದು ನೋಡಿದರೆ ಗಾಳಿಯ ವೇಗ, ದಿಕ್ಕು ಎರಡೂ ಸಿಗುತ್ತವೆ. ಅಜ್ಜನ ಬೆರಳು ದಾರದ ಎಳೆತದಿಂದ ತಿಳಿದಂತೆ. ಬೇರೆ ಸಂವೇದಕವೇ ಬೇಡ. ಮೊದಲೊಮ್ಮೆ ಗಾಳಿ ಸುರಂಗದಲ್ಲೋ ಗಾಳಿಮಾಪಕ ಹೊತ್ತ ಕಂಬದ ಪಕ್ಕದಲ್ಲೋ ಹಾರಿಸಿ ತಾಳೆ ನೋಡಿರಬೇಕು. ಮೇಲಕ್ಕೂ ಕೆಳಕ್ಕೂ ಬೀಸುವ ಗಾಳಿ ಇದಕ್ಕೆ ಸುಲಭವಾಗಿ ಸಿಗದು. ಅಲ್ಲಿ ಸದ್ದಿನ ಸಂವೇದಕವೇ ಮೇಲು.

ಉತ್ತರಾಯಣದ ದಿನ ಗಾಳಿಪಟಗಳ ಮಾಂಜಾ ದಾರ ಹರಡಿದ ಆಕಾಶಕ್ಕೆ ಡ್ರೋನ್ ಬಿಡುವಂತಿಲ್ಲ. ಉಳಿದ ದಿನಗಳಲ್ಲಿ ಹೊಲ, ಊರು ಅಳೆಯುವ ಡ್ರೋನುಗಳು ನಮ್ಮಲ್ಲೂ ಹಾರುತ್ತಿವೆ. ವಾಲಿದ್ದರ ದಾಖಲೆ ಅವುಗಳ ಹೊಟ್ಟೆಯಲ್ಲೇ ಇರುತ್ತದೆ. ಅದನ್ನು ಅಳಿಸದೆ ಹವಾಮಾನ ಇಲಾಖೆಗೆ ತಲುಪಿಸುವ ಏರ್ಪಾಡು ಆಗಬೇಕು.