ಎದೆನೋವಿಗೆ ಗಂಟೆಗಳ ತಡ, ಗಂಟಿಗೆ ತಿಂಗಳುಗಳ ತಡ



ಎದೆ ಉರಿದರೆ ನಾವು ಮೊದಲು ಆಡುವ ಮಾತು 'ಗ್ಯಾಸ್ ಇರಬೇಕು' ಎಂಬುದು. ಸೋಡಾ ಕುಡಿದು, ಬೆಳಗಾಗಲಿ ನೋಡೋಣ ಎಂದು ಮಲಗುತ್ತೇವೆ. ಸ್ತನದಲ್ಲಿ ಸಣ್ಣ ಗಂಟೊಂದು ಕೈಗೆ ತಾಗಿದರೆ ನಮ್ಮ ತಾಯಂದಿರು ಯಾರಿಗೂ ಹೇಳುವುದಿಲ್ಲ. ಮಗಳ ಮದುವೆ ಮುಗಿಯಲಿ, ಮಗನ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಾರೆ. ಕಾಯಿಲೆಗಳು ಎರಡು, ಆದರೆ ಎರಡರಲ್ಲೂ ನಮ್ಮನ್ನು ಸೋಲಿಸುವುದು ಒಂದೇ: ತಡ.

ಆರು ಗಂಟೆಗಳ ಕಥೆ

ನಮ್ಮ ಧರ್ಮಸಭೆಯದೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ಹೃದ್ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತೀವ್ರ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟುವಾಗ ನೋವು ಶುರುವಾಗಿ 360 ನಿಮಿಷ, ಅಂದರೆ ಆರು ಗಂಟೆ ಕಳೆದುಹೋಗಿತ್ತು. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಅದರ ಮುಂದಿನ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಸಿಕ್ಕಿದರೆ ಮಾತ್ರ ಹೆಚ್ಚು ಫಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. 30 ದಿನಗಳೊಳಗೆ ಬಡ ರೋಗಿಗಳಲ್ಲಿ ನೂರಕ್ಕೆ 8.2 ಮಂದಿ ತೀರಿಕೊಂಡರು, ಉಳ್ಳವರಲ್ಲಿ 5.5 ಮಂದಿ. ಪಡೆದ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ವ್ಯತ್ಯಾಸವೇ ಅಳಿಸಿಹೋಯಿತು. ಬಡವನ ಹೃದಯ ದುರ್ಬಲವಾಗಿರಲಿಲ್ಲ, ಅವನಿಗೆ ಸಿಗಬೇಕಾದ ಚಿಕಿತ್ಸೆ ಸಿಗಲಿಲ್ಲ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ನಮಗೆ ಇದರಲ್ಲಿ ಪಾಠವಿದೆ. ಜಯದೇವ ಹೃದ್ರೋಗ ಸಂಸ್ಥೆಯ ಮುಖ್ಯ ಆಸ್ಪತ್ರೆ ಇರುವುದು ನಗರದ ದಕ್ಷಿಣಕ್ಕೆ. ಎದೆನೋವು, ಎಡಗೈ ಅಥವಾ ದವಡೆ ಸೆಳೆತ, ತಣ್ಣನೆಯ ಬೆವರು ಕಂಡರೆ ಊರೆಲ್ಲ ದಾಟಿಕೊಂಡು ಅಲ್ಲಿಗೇ ಹೋಗಬೇಕೆಂದು ಹಟ ಬೇಡ. 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿರಿ. ಯಲಹಂಕದಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ಯಶವಂತಪುರದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ದೂರವಲ್ಲ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಕಾರ್ಡು ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ.

ಭಯದ ತಪಾಸಣೆ ಸಾಲದು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ, ಜಯದೇವದ ಮುಂದೆ ಜನ ಸಾಲುಗಟ್ಟಿದರು. ಕೆಲವು ವಾರಗಳಲ್ಲಿ ಸಾಲು ಕರಗಿತು. ಭಯದಿಂದ ಒಮ್ಮೆ ಓಡುವುದಕ್ಕಿಂತ ಕ್ರಮವಾಗಿ ನೋಡಿಸಿಕೊಳ್ಳುವುದು ಲೇಸು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದ ಪ್ರಕಾರ, ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಕೇವಲ ಒಂಬತ್ತು ಕಾರಣಗಳದ್ದು. ಬೀಡಿ-ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಹೊಟ್ಟೆಯ ಬೊಜ್ಜು, ಮೈ ಬಗ್ಗಿಸದ ಜೀವನ ಇವುಗಳಲ್ಲಿ ಮುಖ್ಯ. ರಕ್ತದೊತ್ತಡ ನೋವು ಕೊಡುವುದಿಲ್ಲ, ಅಳೆದರೆ ಮಾತ್ರ ತಿಳಿಯುತ್ತದೆ. ನಮ್ಮ ವಾರ್ಡುಗಳ 'ನಮ್ಮ ಕ್ಲಿನಿಕ್'ಗಳಲ್ಲೂ ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ.

ಕ್ಯಾನ್ಸರ್: ಸಂಕೋಚದ ಬೆಲೆ

ಕ್ಯಾನ್ಸರ್ ಎಂದೊಡನೆ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ ನೆನಪಾಗುತ್ತದೆ. ಆದರೆ ಮೊದಲ ತಪಾಸಣೆಗೆ ಅಷ್ಟು ದೂರ ಹೋಗಬೇಕಿಲ್ಲ. 30 ವರ್ಷ ದಾಟಿದವರ ಬಾಯಿ, ಹೆಂಗಸರ ಸ್ತನ ಹಾಗೂ ಗರ್ಭಕೊರಳನ್ನು 5 ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವೇ 2016ರಲ್ಲಿ ಕ್ರಮ ಹಾಕಿಕೊಟ್ಟಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಈ ಪರೀಕ್ಷೆ ಎಷ್ಟು ಸರಳವೆಂದು ತಿಳಿದರೆ ಅಂಜಿಕೆ ಅರ್ಧ ಇಳಿದೀತು. ಗರ್ಭಕೊರಳಿಗೆ ವಿನೆಗರ್‌ನಂಥ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಭಾಗವಿದ್ದರೆ ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದಲೇ ಈ ಕೆಲಸ ಮಾಡಿಸಿದರು. ಗರ್ಭಕೊರಳಿನ ಕ್ಯಾನ್ಸರ್ ಸಾವು ಶೇಕಡಾ 31ರಷ್ಟು ತಗ್ಗಿತು. ಕೈಯಿಂದ ಮುಟ್ಟಿ ನೋಡುವ ಸ್ತನ ಪರೀಕ್ಷೆಯಿಂದ 50 ದಾಟಿದವರಲ್ಲಿ ಆ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾದದ್ದು 2021ರಲ್ಲಿ ಪ್ರಕಟವಾಯಿತು. ಇಲ್ಲಿ ಜೀವ ಉಳಿಸಿದ್ದು ದುಬಾರಿ ಯಂತ್ರವಲ್ಲ, ಸಕಾಲಕ್ಕೆ ನೋಡಿದ ಕಣ್ಣು, ಮುಟ್ಟಿದ ಕೈ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವಂತೆ ಮಾಡಿಕೊಳ್ಳಬಾರದು ಎಂದು ಹಿರಿಯರು ಹೇಳುತ್ತಾರೆ. ಪ್ರಿಯರೇ, ಈ ತಿಂಗಳು ಮನೆಯಲ್ಲಿ 30 ದಾಟಿದ ಪ್ರತಿಯೊಬ್ಬರೂ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿರಿ. ಗಂಡಂದಿರೇ, 'ನೀನು ಹೋಗಿ ಬಾ' ಎನ್ನಬೇಡಿ, ಒಂದು ದಿನ ಕೆಲಸಕ್ಕೆ ರಜೆ ಹಾಕಿ ಹೆಂಡತಿಯ ಜೊತೆಗೆ ಹೋಗಿರಿ. ಮಕ್ಕಳೇ, ಅಮ್ಮ 'ನನಗೇನೂ ಆಗಿಲ್ಲ' ಎಂದರೆ ಅಲ್ಲಿಗೇ ಬಿಡಬೇಡಿ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ತಾಯಿ, ಆಸ್ಪತ್ರೆಯ ಸಾಲಿನಲ್ಲಾದರೂ ಮೊದಲು ನಿಲ್ಲಲಿ.