ದಸರೆಯ ಮನೆಯಲ್ಲಿ ಎರಡು ವರ್ಷದ ಕೂಸು

ದಸರೆ ರಜೆ ಬಂತೆಂದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಗಡಿಯಾರಕ್ಕೆ ಬಿಡುವು ಸಿಗುತ್ತದೆ. ಎಂಟಾದರೂ ಹಾಸಿಗೆ ಬಿಡದವರು, ಹನ್ನೊಂದಕ್ಕೆ ದೋಸೆ ಕೇಳುವವರು. ಎರಡು ವರ್ಷದ ಕೂಸಿರುವ ಮನೆಯ ಕಥೆ ಬೇರೆ. ಅಲ್ಲಿ ಕೂಸು ಎಂದಿನ ಹಾಗೆ ಬೆಳಗಿನ ಜಾವ ಆರಕ್ಕೇ ಎದ್ದು ಕೂರುತ್ತದೆ. ಪ್ಲೇಹೋಮ್ ಮುಚ್ಚಿರುತ್ತದೆ. ಮಗುವನ್ನು ನೋಡಿಕೊಳ್ಳುವ ಅಕ್ಕನಿಗೂ ಹಬ್ಬವಿದೆ, ಅವರೂ ತಮ್ಮ ಊರಿಗೆ ಹೊರಟಿರುತ್ತಾರೆ. ಅಪ್ಪ ಅಮ್ಮನ ಕಚೇರಿ ಮಾತ್ರ ತೆರೆದೇ ಇರುತ್ತದೆ.

2025ರ ದಸರೆಯನ್ನೇ ನೋಡಿ. ಶಾಲೆಗಳಿಗೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ರಜೆ ಕೊಟ್ಟರು. ಆಮೇಲೆ ಶಿಕ್ಷಕರು ಮಾಡುತ್ತಿದ್ದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ಕೆಲಸಕ್ಕೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೂ ಮುಂದುವರಿಸಿದರು. ದುಡಿಯುವ ಅಪ್ಪ ಅಮ್ಮಂದಿರಿಗೆ ಸಿಕ್ಕಿದ್ದೆಷ್ಟು? ಆ ವರ್ಷ ವಿಜಯದಶಮಿಯೂ ಗಾಂಧಿ ಜಯಂತಿಯೂ ಅಕ್ಟೋಬರ್ 2ರಂದೇ ಬಿದ್ದು, ಎರಡಾಗಬೇಕಿದ್ದ ರಜೆ ಒಂದಾಯಿತು. ಉಳಿದ ದಿನಗಳಿಗೆ ಇರುವ ಒಂದೇ ದಾರಿ ಅಜ್ಜಿ ಮನೆ. ಬೆಂಗಳೂರಿನ ಎಷ್ಟೋ ಎಳೆಯ ಸಂಸಾರಗಳ ಹಾಗೆ ನಾವೂ ಆ ದಾರಿ ಹಿಡಿದವರೇ. ರಜೆಯ ಮೊದಲ ಭಾಗ ಮೈಸೂರಿನ ನನ್ನ ತವರಿನಲ್ಲಿ, ಆಯುಧಪೂಜೆಗೆ ತಿಪಟೂರಿನ ಹತ್ತಿರದ ಅತ್ತೆ ಮನೆಯಲ್ಲಿ.

ಪ್ರಯಾಣದ ವಿಚಾರ ಬೇಗ ಮುಗಿಸುತ್ತೇನೆ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ಆರು ವರ್ಷದವರೆಗೆ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೂ ಇಲ್ಲ. ದುಡ್ಡು ಉಳಿಯುತ್ತದೆ ನಿಜ, ಆದರೆ ಹಬ್ಬದ ಜನಸಂದಣಿಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆ ಕೂರುವುದಕ್ಕಿಂತ ಬೆಳಗಿನ ರೈಲೇ ವಾಸಿ. ಊರು ತಲುಪಿದ ಮೇಲೆ ಎಚ್ಚರಿಕೆ ತಪ್ಪುವುದು ಬೈಕಿನಲ್ಲಿ. ‘ಇಲ್ಲೇ ತೋಟದವರೆಗೆ’ ಎಂದು ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೊರಡುವವರು ಪ್ರತಿ ಮನೆಯಲ್ಲೂ ಇದ್ದಾರೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಇರಬೇಕು, ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಬೆಲ್ಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಊರೊಳಗಿನ ದಾರಿಗೂ ಅದು ಅನ್ವಯಿಸುತ್ತದೆ.

ಮೈಸೂರಿನ ಮನೆಯಲ್ಲಿ ಕೂಸನ್ನು ಮೊದಲು ಎದುರುಗೊಳ್ಳುವುದು ಬೊಂಬೆಗಳ ಸಾಲು. ಮೇಲಿನ ಮೆಟ್ಟಿಲಲ್ಲಿ ಮದುವೆಯಲ್ಲಿ ಬಂದ ಪಟ್ಟದ ಬೊಂಬೆಗಳು, ಕೆಳಗೆ ಮಣ್ಣಿನ ದೇವರುಗಳು, ಅದಕ್ಕೂ ಕೆಳಗೆ ಮದುವೆ ಮೆರವಣಿಗೆ, ಕಿರಾಣಿ ಅಂಗಡಿ, ರಾಗಿ ಪೈರು ಬೆಳೆಸಿದ ಪುಟ್ಟ ಹೊಲ. ಎರಡು ವರ್ಷದ ಕಣ್ಣಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೊಂದಿಲ್ಲ. ಮುಟ್ಟಬೇಡ ಎಂದು ಇಡೀ ದಿನ ಹೇಳುತ್ತಾ ಕೂತರೆ ಹೇಳುವವರ ಗಂಟಲೂ ಹೋಗುತ್ತದೆ, ಮಗುವಿನ ಸಂತೋಷವೂ ಹೋಗುತ್ತದೆ. ನನ್ನಮ್ಮ ಹಾಗೆ ಮಾಡಲಿಲ್ಲ. ಕೆಳಗಿನ ಮೆಟ್ಟಿಲನ್ನು ಪೂರ್ತಿ ಖಾಲಿ ಮಾಡಿ, ‘ಇದು ನಿಂದು ಕಂದಾ, ಇಲ್ಲಿ ನಿನ್ನ ಬೊಂಬೆ ಇಡು’ ಎಂದು ಮೊಮ್ಮಗಳಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ಬಂದು ಕೂತದ್ದು ಚನ್ನಪಟ್ಟಣದ ಮರದ ಆನೆ, ಬಂಡಿ, ಒಂದರೊಳಗೊಂದು ಸೇರುವ ಬಟ್ಟಲುಗಳು. ಬೆಳಗ್ಗೆ ಜೋಡಿಸುವುದು, ಹತ್ತು ನಿಮಿಷಕ್ಕೆ ಕೆಡವುವುದು, ಮತ್ತೆ ಜೋಡಿಸುವುದು. ಮೇಲಿನ ಮೆಟ್ಟಿಲುಗಳ ಕಡೆ ಕೈ ಹೋಗುವುದು ತಾನಾಗಿಯೇ ಕಡಿಮೆಯಾಯಿತು.

ಈ ವಯಸ್ಸಿಗೆ ಚನ್ನಪಟ್ಟಣದ ಬೊಂಬೆಯನ್ನೇ ನಾನು ಮೆಚ್ಚುವುದಕ್ಕೆ ಕಾರಣವಿದೆ. ಹಾಲೆಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಮೂಲೆಗಳು ದುಂಡಗಿರುತ್ತವೆ, ಚೂಪು ತುದಿ ಇರುವುದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುವ ಕೂಸಿಗೆ ಬೇಕಾದ್ದು ಇಂಥದ್ದೇ. ಕೊಳ್ಳುವಾಗ ಸಸ್ಯಜನ್ಯ ಬಣ್ಣವೇ ಎಂದು ಕೇಳಿ ಕೊಳ್ಳಬೇಕು, ಬಾಯೊಳಗೆ ಪೂರ್ತಿ ಹಿಡಿಯುವಷ್ಟು ಚಿಕ್ಕ ತುಂಡುಗಳನ್ನು ದೊಡ್ಡ ಮಕ್ಕಳಿಗೆ ಬಿಡಬೇಕು. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆಗಳಲ್ಲಿ ಐಎಸ್‌ಐ ಗುರುತು ಇದೆಯೇ ನೋಡಿ; 2021ರ ಜನವರಿಯಿಂದ ಅದು ಕಡ್ಡಾಯ. ಬಟನ್ ಬ್ಯಾಟರಿ ಹಾಕಿದ, ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಪೀಪಿ-ದೀಪಗಳಂತೂ ಈ ವಯಸ್ಸಿನ ಮಕ್ಕಳ ಹತ್ತಿರ ಸುಳಿಯಲೇಕೂಡದು. ನುಂಗಿದ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಸಂಜೆಯಾದರೆ ಓಣಿಯ ಮಕ್ಕಳು ಬೊಂಬೆ ನೋಡಲು ಬರುತ್ತಾರೆ, ಬೊಂಬೆ ಬಾಗಿನಕ್ಕೆ ಕೈಯೊಡ್ಡುತ್ತಾರೆ. ಒಂದು ದಿನ ಕಡಲೆಕಾಳು ಉಸಲಿ, ಇನ್ನೊಂದು ದಿನ ಕೊಬ್ಬರಿ ಮಿಠಾಯಿ, ಮತ್ತೊಂದು ದಿನ ಹುರಿದ ಕಡಲೆಬೀಜ. ದೊಡ್ಡ ಮಕ್ಕಳ ಜೊತೆಗೆ ಕೂಸೂ ಕೈಯೊಡ್ಡುತ್ತದೆ, ಯಾರೋ ಪ್ರೀತಿಯಿಂದ ನಾಲ್ಕು ಕಾಳು ಹಾಕಿಬಿಡುತ್ತಾರೆ. ಮಕ್ಕಳ ವೈದ್ಯರು ಬಹಳ ಹೆದರುವುದು ಇದಕ್ಕೇ. ದವಡೆ ಹಲ್ಲು ಪೂರ್ತಿ ಬಂದಿರದ, ನಗುತ್ತಾ ಓಡುತ್ತಾ ತಿನ್ನುವ ಮಗುವಿಗೆ ಇಡೀ ಕಡಲೆಬೀಜ ಉಸಿರುನಾಳಕ್ಕೆ ಜಾರಲು ಒಂದು ಗಳಿಗೆ ಸಾಕು. ಉಸಲಿಯ ಕಾಳನ್ನು ಬೆರಳಲ್ಲಿ ಹಿಚುಕಿ, ಬೀಜವನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಮಾಡಿ, ಕೂರಿಸಿ ತಿನ್ನಿಸಿದರೆ ಕೂಸಿಗೂ ಹಬ್ಬದ ರುಚಿ ಸಿಗುತ್ತದೆ.

ಮೈಸೂರಿನಲ್ಲಿದ್ದು ಮಗುವಿಗೆ ದಸರೆ ತೋರಿಸಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಜಂಬೂಸವಾರಿಯ ದಿನ ಲಕ್ಷಗಟ್ಟಲೆ ಜನರ ನಡುವೆ, ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯ್ದು, ಇಪ್ಪತ್ತೊಂದು ಕುಶಾಲತೋಪಿನ ಸದ್ದಿಗೆ ಬೆಚ್ಚಿಬಿದ್ದು ಅಳುವ ಕೂಸನ್ನು ಎತ್ತಿ ಹಿಡಿದು ನಿಲ್ಲುವುದರಲ್ಲಿ ಕೂಸಿಗೆ ಏನೂ ದಕ್ಕುವುದಿಲ್ಲ. ಅವಳ ದಸರೆ ಇದ್ದದ್ದು ಬೆಳಗಿನ ಹೊತ್ತು. ಅರಮನೆಯ ಬಿಡಾರದಿಂದ ಬನ್ನಿಮಂಟಪದವರೆಗೆ ಆನೆಗಳು ತಾಲೀಮಿಗೆ ಹೊರಡುತ್ತವೆ. ಆ ಹೊತ್ತಿಗೆ ಬಿಸಿಲು ಏರಿರುವುದಿಲ್ಲ, ಜನ ವಿರಳ. ಹಾಲು ಕುಡಿದು ಎಚ್ಚರವಾಗಿರುವ ಮಗುವನ್ನು ಅಪ್ಪನ ಹೆಗಲ ಮೇಲೆ ಕೂರಿಸಿ ಪಾದಚಾರಿ ಕಟ್ಟೆಯ ಮೇಲೆ ನಿಂತರೆ, ಮುಂದೆ 750 ಕಿಲೋ ತೂಕದ ಅಂಬಾರಿ ಹೊರಲಿರುವ ಆನೆ ಸುಮ್ಮನೆ ಕಿವಿ ಬೀಸುತ್ತಾ ಎದುರಿನಿಂದಲೇ ಹಾದು ಹೋಗುತ್ತದೆ. ಅರ್ಧ ಗಂಟೆಯಲ್ಲಿ ಮನೆ. ದೀಪಾಲಂಕಾರವೂ ಹೀಗೆಯೇ: ಏಳು ಗಂಟೆಗೆ ದೀಪ ಹತ್ತುವಾಗ ನೋಡಿ ಎಂಟಕ್ಕೆ ಮಲಗಿಸಿದರೆ ಆಯಿತು, ಹತ್ತರ ಟ್ರಾಫಿಕ್‌ನಲ್ಲಿ ನಿದ್ದೆಗಣ್ಣಿನ ಮಗುವನ್ನು ಹೊತ್ತು ನಡೆಯುವ ಅಗತ್ಯವಿಲ್ಲ.

ನಿದ್ದೆಯ ಬಗ್ಗೆ ಇಷ್ಟು ಹಟ ಯಾಕೆ ಎಂದರೆ, ಕೂಸಿನ ಇಡೀ ದಿನ ನಿಂತಿರುವುದೇ ಅದರ ಮೇಲೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಹಬ್ಬದ ಮನೆಯಲ್ಲಿ ಮೊದಲು ಹೋಗುವುದು ಆ ಹಗಲು ನಿದ್ದೆ. ಒಂದೂವರೆಗೆ ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿರುವಾಗಲೇ ನೆಂಟರು ಬರುತ್ತಾರೆ. ‘ಮಲಗಿದ್ದಾಳಾ? ಒಂದ್ಸಲ ಎಬ್ಬಿಸಮ್ಮ, ಮುಖ ನೋಡಿ ಹೋಗ್ತೀವಿ.’ ಅವರ ಪ್ರೀತಿ ದೊಡ್ಡದು, ಆದರೆ ಎದ್ದ ಮಗು ಸಂಜೆಯವರೆಗೂ ಅಳುವಾಗ ಅವರು ಅಲ್ಲಿರುವುದಿಲ್ಲ. ಆಮೇಲೆ ‘ಬೆಂಗಳೂರಿನ ಮಕ್ಕಳಿಗೆ ಬರೀ ಹಟ’ ಎಂಬ ಮಾತು ಬೇರೆ. ಸೊಸೆಯಾದವಳು ಬೇಡ ಎನ್ನುವುದು ಕಷ್ಟ. ತಿಪಟೂರಿನ ಮನೆಯಲ್ಲಿ ಆ ಮಾತನ್ನು ಅತ್ತೆಯೇ ಆಡಿದರು. ಬಾಗಿಲಲ್ಲೇ ನಿಂತು, ‘ಕೂಸು ಈಗ್ತಾನೆ ಮಲಗೈತೆ, ಸಂಜೆ ಬನ್ನಿ, ಕಾಫಿ ಕುಡ್ಕೊಂಡು ಆಡಿಸ್ಕೊಂಡು ಹೋಗೀರಂತೆ’ ಎಂದರು. ಹಿರಿಯರ ಬಾಯಿಂದ ಬಂದರೆ ಯಾರಿಗೂ ಬೇಜಾರಿಲ್ಲ. ಸೊಸೆಯಂದಿರ ಪರವಾಗಿ ಅತ್ತೆಯರು ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

ಎತ್ತಿಕೊಳ್ಳುವ ವಿಚಾರವೂ ಹಾಗೆಯೇ. ಅಪರಿಚಿತ ಮುಖ ಕಂಡರೆ ಅಮ್ಮನ ಸೆರಗಿನ ಹಿಂದೆ ಹೋಗುವುದು ಈ ವಯಸ್ಸಿನ ಸಹಜ ಗುಣ, ಅದು ಬುದ್ಧಿ ಬೆಳೆಯುತ್ತಿರುವ ಲಕ್ಷಣ. ಬಲವಂತವಾಗಿ ಕೈಗೆ ಕೊಟ್ಟು, ‘ಮಾವನಿಗೆ ಮುತ್ತು ಕೊಡು’, ‘ಹಾಡು ಹೇಳಿ ತೋರಿಸು’ ಎಂದು ಪೀಡಿಸುವುದನ್ನು ನಾವೆಲ್ಲ ಬಿಡಬೇಕು. ನೆಲದ ಮೇಲೆ ಕೂತು, ಅದರ ಆಟದ ಸಾಮಾನನ್ನು ಎತ್ತಿ ಕೊಟ್ಟು ಸುಮ್ಮನಿದ್ದರೆ ಹತ್ತು ನಿಮಿಷಕ್ಕೆ ಮಗು ತಾನೇ ಬರುತ್ತದೆ.

ಇನ್ನು ಹಳ್ಳಿ ಮನೆಯ ಅಪಾಯಗಳು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದೊಡ್ಡವರೇ ಇದ್ದ ಮನೆಗೆ ವರ್ಷಕ್ಕೆ ಎರಡು ಸಲ ಕೂಸು ಬಂದಾಗ ಮನೆ ಕೂಸಿಗೆ ತಯಾರಿರುವುದಿಲ್ಲ. ತೋಟದ ತೊಟ್ಟಿ, ದನಗಳ ಕಲಗಚ್ಚಿನ ಬಾನಿ, ಬಚ್ಚಲಿನ ಬಕೆಟ್ಟು. ಮುಗ್ಗರಿಸಿ ತಲೆ ಕೆಳಗಾದ ಮಗುವಿಗೆ ಗೇಣುದ್ದ ನೀರೂ ಸಾಕಾಗುತ್ತದೆ, ಕೂಗುವುದಕ್ಕೂ ಆಗುವುದಿಲ್ಲ. ಒಲೆಯ ಮೇಲೆ ಕುದಿಯುವ ಹಂಡೆ ಇರುವ ಬಚ್ಚಲಿಗೆ ಚಿಲಕ ಹಾಕಿರಬೇಕು. ತಾತನ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಸಾಮಾನ್ಯವಾಗಿ ಮಂಚದ ಪಕ್ಕದ ಸ್ಟೂಲಿನ ಮೇಲಿರುತ್ತವೆ, ಬಣ್ಣ ಬಣ್ಣದ ಪೆಪ್ಪರ್‌ಮೆಂಟಿನಂತೆ ಕಾಣುತ್ತವೆ. ಒಂದೆರಡು ಮಾತ್ರೆಯೂ ಪುಟ್ಟ ಮಗುವಿನ ಜೀವಕ್ಕೆ ಕುತ್ತು. ತೆಂಗಿಗೆ ಹೊಡೆಯುವ ಔಷಧಿಯನ್ನು ಹಳೆಯ ಜ್ಯೂಸ್ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸ ಇವತ್ತೇ ನಿಲ್ಲಬೇಕು. ನಾವು ಹೋಗುವ ಮೊದಲೇ ನಮ್ಮನೆಯವರು ಫೋನಿನಲ್ಲಿ ಮಾವನಿಗೆ ಒಂದೊಂದನ್ನೇ ಹೇಳಿ ಎತ್ತರಕ್ಕೆ ಇಡಿಸಿದ್ದರು. ಮಾವ ಬೇಸರಪಡಲಿಲ್ಲ, ತೊಟ್ಟಿಗೆ ತಾವೇ ಅಡಿಕೆ ದಬ್ಬೆಯ ತಟ್ಟಿ ಮಾಡಿ ಮುಚ್ಚಿದರು.

ಆಯುಧಪೂಜೆಯ ದಿನಕ್ಕೆ ಬೇರೆಯೇ ಎಚ್ಚರ ಬೇಕು. ವರ್ಷವಿಡೀ ಅಟ್ಟದ ಮೇಲಿರುವ ಮಚ್ಚು, ಕುಡುಗೋಲು, ಈಳಿಗೆಮಣೆ, ಗರಗಸ ಎಲ್ಲವೂ ಅಂದು ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿಕೊಂಡು ನೆಲದ ಮೇಲೆ ಸಾಲಾಗಿ ಕೂರುತ್ತವೆ, ಸರಿಯಾಗಿ ಕೂಸಿನ ಕೈ ಎತ್ತರಕ್ಕೆ. ಮಂಚದ ಮೇಲೋ ಮೇಜಿನ ಮೇಲೋ ಇಟ್ಟು ಪೂಜಿಸಿದರೆ ದೇವರು ಬೇಡ ಎನ್ನುವುದಿಲ್ಲ. ಟ್ರ್ಯಾಕ್ಟರಿನ ಮುಂದೆ ಒಡೆದ ಬೂದುಗುಂಬಳದಿಂದ ಚೆಲ್ಲಿದ ಕುಂಕುಮ ಮೆತ್ತಿದ ನಾಣ್ಯಗಳನ್ನು ಹೆಕ್ಕಲು ಮಕ್ಕಳು ಮುಗಿಬೀಳುತ್ತಾರೆ. ಕೂಸು ಹೆಕ್ಕಿದ ನಾಣ್ಯ ನೇರ ಬಾಯಿಗೆ.

ಇಷ್ಟೆಲ್ಲ ಹೇಳಿದರೂ ಆ ಹಳ್ಳಿ ಮನೆ ಮಗುವಿಗೆ ಕೊಡುವುದನ್ನು ನಮ್ಮ ಎರಡು ಕೋಣೆಯ ಬಾಡಿಗೆ ಮನೆ ಎಂದೂ ಕೊಡಲಾರದು. ಅಲ್ಲಿ ಮೊಬೈಲು ಯಾರಿಗೂ ನೆನಪಾಗಲಿಲ್ಲ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ ಎಂದು ವೈದ್ಯರು ಹೇಳುವುದನ್ನು ಬೆಂಗಳೂರಿನಲ್ಲಿ ಪಾಲಿಸಲು ಹೆಣಗಬೇಕು. ಇಲ್ಲಿ ಕರು ಇತ್ತು, ಕೋಳಿ ಇತ್ತು, ಒಣಗಲು ಹರವಿದ ಕೊಬ್ಬರಿ ಇತ್ತು, ಕೊಬ್ಬರಿಗೆ ಬರುವ ಕಾಗೆಯನ್ನು ಓಡಿಸುವ ಕೆಲಸವೇ ಇತ್ತು. ರಾತ್ರಿ ತಾತನ ಪಕ್ಕ ಮಲಗಿ ‘ಕರು ಅಮ್ಮ ಎಲ್ಲಿ’, ‘ಕಾಗೆ ಓಯ್ತು’ ಎಂದು ಎರಡು ಮೂರು ಮಾತು ಜೋಡಿಸತೊಡಗಿದಳು. ಯಾವ ಪ್ಲೇಹೋಮಿನ ಶುಲ್ಕಕ್ಕೂ ಸಿಗದ ಪಾಠ ಇದು.

ಹಾಗೆಂದು ಅಮ್ಮನಿಗೆ ರಜೆ ಸಿಕ್ಕಿತೇ? ಹಬ್ಬದ ಮನೆಯಲ್ಲಿ ಹೋಳಿಗೆ ತಟ್ಟುವುದು, ನೆಂಟರಿಗೆ ಎಲೆ ಹಾಕುವುದು, ಮಗುವಿಗೆ ಬೇರೆಯಾಗಿ ಖಾರವಿಲ್ಲದ ಸಾರು ಮಾಡುವುದು, ಉಣ್ಣಿಸುವುದು, ತೊಳೆಯುವುದು ಎಲ್ಲವೂ ಸಾಮಾನ್ಯವಾಗಿ ಒಬ್ಬಳ ಮೇಲೆ ಬೀಳುತ್ತದೆ. ನಮ್ಮ ಮನೆಯಲ್ಲಿ ಬೆಳಗಿನ ಪಾಳಿ ಅಪ್ಪನದು: ಎಬ್ಬಿಸುವುದು, ಹಲ್ಲುಜ್ಜಿಸುವುದು, ರಾಗಿ ಸರಿ ಕುಡಿಸುವುದು, ಕಕ್ಕ ತೊಳೆಯುವುದು. ಊರಿನಲ್ಲೂ ಅದನ್ನು ಬಿಡಲಿಲ್ಲ. ‘ಅಯ್ಯೋ, ಗಂಡಸಿನ ಕೈಲಿ ಇದನ್ನೆಲ್ಲ ಮಾಡಿಸ್ತಾಳಲ್ಲ’ ಎಂದು ಪಕ್ಕದ ಮನೆಯವರು ಅಂದದ್ದು ನನ್ನ ಕಿವಿಗೂ ಬಿತ್ತು. ಮಗು ಇಬ್ಬರದ್ದು, ಕೆಲಸವೂ ಇಬ್ಬರದ್ದು. ಇದರಲ್ಲಿ ನಾಚುವುದಕ್ಕೂ ಇಲ್ಲ, ಹೊಗಳುವುದಕ್ಕೂ ಇಲ್ಲ.

ಅಜ್ಜಿ ಮನೆ ಇಲ್ಲದವರ ಗತಿಯನ್ನೂ ಯೋಚಿಸಬೇಕು. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಕೂರಿಸಿಕೊಂಡು ಕಲಿಸುವುದು ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ. ಐವತ್ತು ಜನಕ್ಕಿಂತ ಕಡಿಮೆಯಿಲ್ಲದ ಕಚೇರಿಗಳಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿತ್ತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಆರಂಭಿಸಿದ್ದು ಒಳ್ಳೆಯ ಕೆಲಸ. ಆದರೆ ಸಣ್ಣ ಅಂಗಡಿಯಲ್ಲಿ, ಗಾರ್ಮೆಂಟ್ಸ್‌ನ ಚಿಕ್ಕ ಘಟಕದಲ್ಲಿ, ಮನೆಗೆಲಸದಲ್ಲಿ ದುಡಿಯುವ ಪಟ್ಟಣದ ತಾಯಿಗೆ ರಜೆಯ ದಿನಗಳಲ್ಲಿ ಕೂಸನ್ನು ಬಿಡಲು ಜಾಗವೇ ಇಲ್ಲ. ಪ್ರತಿ ವಾರ್ಡಿಗೂ ಒಂದು ಕೂಸಿನ ಮನೆ ಬೇಕು, ಅದು ಶಾಲೆಯ ರಜೆಗೆ ಮುಚ್ಚದ ಹಾಗಿರಬೇಕು.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ, ನಮ್ಮ ಕೈಯಲ್ಲಿರುವುದು ಇಷ್ಟಿದೆ. ಈ ಸಲ ಹಬ್ಬಕ್ಕೆ ಎಳೆಯ ಕೂಸಿರುವ ಮನೆಗೆ ಹೋಗುವವರಿದ್ದರೆ ನಾಲ್ಕು ಗಂಟೆಯ ಮೇಲೆ ಹೋಗಿ, ಹೋಗುವ ಮೊದಲು ಒಂದು ಫೋನ್ ಮಾಡಿ. ಮಗುವನ್ನು ಒಂದು ಗಂಟೆ ನೀವು ಆಡಿಸಿಕೊಂಡು, ಅದರ ಅಮ್ಮನಿಗೆ ಮಲಗಲು ಹೇಳಿ.